ಹೊಸಕ್ಕಿಯ ಪಾಲು

ಕುವೈತಿನ ರಾಯ್ ಎಂಬ ಕೈಗಾರಿಕಾ ಪ್ರದೇಶದ ಕಡೆ ಹೋದಾಗಲೆಲ್ಲ ನಾನು ಕಾರಿನ ಗಾಜು ಇಳಿಸುತ್ತೇನೆ. ಹೊರಗೆ ಸುಡುಬಿಸಿಲು, ಧೂಳು. ಪಕ್ಕದಲ್ಲಿ ಕೂತವರು "ಏಸಿ ಹಾಕಿ ಗಾಜು ಇಳಿಸುವುದು ಎಂತ ಹುಚ್ಚು ಮಾರಾಯ್ತಿ" ಎಂದು ಬೈಯುತ್ತಾರೆ. ಬೈಯಲಿ. ವರ್ಕ್‌ಶಾಪುಗಳ ಸಾಲು ಶುರುವಾಗುವಲ್ಲಿ ಕಾದ ರಬ್ಬರಿನ ವಾಸನೆ ಒಮ್ಮೆಲೇ ಒಳಗೆ ನುಗ್ಗುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ನನಗೆ ಅದು ಪಪ್ಪನ ವಾಸನೆ. ಪಪ್ಪ ಅಲ್ಲಿ ಇಪ್ಪತ್ತು ವರ್ಷ ರಬ್ಬರ್ ಶೀಟು ಕತ್ತರಿಸಿ ಪಂಪುಗಳಿಗೆ, ಪೈಪುಗಳಿಗೆ ವಾಷರ್ ಮಾಡುತ್ತಿದ್ದರು. ಸಂಜೆ ಮಂಗಫ್‌ನ ನಮ್ಮ ಫ್ಲಾಟಿನ ಬೆಲ್ ಆಗುವ ಮೊದಲೇ ಬಾಗಿಲ ಸಂದಿಯಿಂದ ಆ ವಾಸನೆ ಬರುತ್ತಿತ್ತು. ನಾನು ಓಡಿಹೋಗಿ ಅವರ ಹೊಟ್ಟೆಗೆ ಮುಖ ಒತ್ತಿ ನಿಲ್ಲುತ್ತಿದ್ದೆ. ಜೇಬಿನಲ್ಲಿ ಉಳಿದ ತುಂಡಿನಿಂದ ಕತ್ತರಿಸಿದ ಮೀನೋ ಆನೆಯೋ ಇರುತ್ತಿತ್ತು. "ತಕೊ ಬಾಯೆ" ಎನ್ನುತ್ತಿದ್ದರು. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಮುದ್ದಿನಿಂದ ಹಾಗೆ ಕರೆಯುತ್ತಾರೆ. ನಾನು ಒಬ್ಬಳೇ ಮಗಳು. ಆ ಕರೆಗೆ ಇನ್ನೊಬ್ಬಳು ಓಗೊಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಫ್ಲಾಟಿನಲ್ಲಿ ಎರಡು ಕೋಣೆ. ಕುವೈತಿನಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಒಂದು ಕೋಣೆ ನಮಗೆ, ಇನ್ನೊಂದು ಶೇರಿಂಗಿಗೆ, ಬಾಡಿಗೆ ಹಂಚಿಕೊಳ್ಳುವವರಿಗೆ. ನನಗೆ ಹತ್ತು ವರ್ಷವಾದಾಗ ಮಮ್ಮಿ ತಾನು ನರ್ಸಾಗಿದ್ದ ಕ್ಲಿನಿಕ್ಕಿನಲ್ಲೇ ಕೆಲಸಕ್ಕಿದ್ದ ಒಡೆಟ್ ಎಂಬ ಕಾಂಗೊ ದೇಶದ ಹುಡುಗಿಯನ್ನು ಕರೆತಂದು ಆ ಕೋಣೆಯಲ್ಲಿ ಇಳಿಸಿದರು. ಇಪ್ಪತ್ತನಾಲ್ಕರ ಪ್ರಾಯ, ಉದ್ದನೆಯ ಕುತ್ತಿಗೆ, ದೊಡ್ಡ ದೊಡ್ಡ ಹೂವಿನ ಬಟ್ಟೆ. ಫ್ರೆಂಚು ಬಿಟ್ಟರೆ ಅರೆಬರೆ ಇಂಗ್ಲಿಷ್, ಜೊತೆಗೆ ಕ್ಲಿನಿಕ್ಕಿನಲ್ಲಿ ಕಲಿತ ಹಿಂದಿ. ಅವಳು ಕೆಂಪು ತಾಳೆಯೆಣ್ಣೆಯಲ್ಲಿ ಬಾಳೆಕಾಯಿ ಹುರಿದರೆ ಮನೆಯಿಡೀ ಘಮ್ಮೆನ್ನುತ್ತಿತ್ತು. ಡ್ಯೂಟಿ ಮುಗಿಸಿ ಕಾಲು ಊದಿಸಿಕೊಂಡು ಬಂದು ನನ್ನ ಮೇಲೆ ಸಿಡುಕುತ್ತಿದ್ದ ಮಮ್ಮಿ ಅಡುಗೆಮನೆಯಲ್ಲಿ ಅವಳೊಂದಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಮಮ್ಮಿಗೆ ಅಷ್ಟು ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದೇ ಆಗ. "ಅಕ್ಕ ಅಂತ ಕರಿ" ಎಂದರು ಪಪ್ಪ. ನಾನು ಬೇಕೆಂದೇ ಆಂಟಿ ಎಂದೆ. ಅವಳು ಎದೆ ಮುಟ್ಟಿಕೊಂಡು, "ಅಯ್ಯೋ, ನಾನು ಅಷ್ಟು ಮುದುಕಿಯಾ?" ಎಂದು ನಕ್ಕಳು. ಆ ನಗುವಿಗೂ ನನಗೆ ಮೈ ಉರಿಯಿತು.

ಅವಳಲ್ಲಿ ಒಂದು ವಿಚಿತ್ರವಿತ್ತು. ಪಪ್ಪ ಕೆಲಸದಿಂದ ಬಂದ ಕೂಡಲೇ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಪಪ್ಪ ಸ್ನಾನ ಮಾಡಿ ಬಂದರೆ ಮತ್ತೆ ಹೊರಗೆ. ಅಲ್ಲಿ ವಾರದ ರಜೆ ಶುಕ್ರವಾರ, ಅಂಥ ಒಂದು ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಊಟಕ್ಕೆ ಕೂತಾಗ ಪಪ್ಪ ನಗುತ್ತಾ ಕೇಳಿಯೇ ಬಿಟ್ಟರು, "ಎಂತ ಬಾಯೆ, ನನ್ನ ವಾಸನೆ ನಿನಗೆ ಆಗುವುದಿಲ್ಲವಾ?" ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ವಾಸನೆಯ ಮಾತು ನನ್ನ ಕಿವಿಗೇ ಬೀಳಲಿಲ್ಲ, ಬಾಯೆ ಎಂದದ್ದು ಬಿತ್ತು. ಒಡೆಟ್ ತಟ್ಟೆ ಬದಿಗೆ ಸರಿಸಿ, ಹಿಂದಿ ಇಂಗ್ಲಿಷು ಬೆರೆಸಿ ಹೇಳತೊಡಗಿದಳು. ಬೆಲ್ಜಿಯಂ ದೇಶದ ರಾಜನೊಬ್ಬ ಅವಳ ಇಡೀ ನಾಡನ್ನು ತನ್ನ ಸ್ವಂತ ಸೊತ್ತು ಮಾಡಿಕೊಂಡಿದ್ದನಂತೆ. ಆ ದೇಶದ್ದೂ ಅಲ್ಲ, ಅವನೊಬ್ಬನದು, ನಾವು ತೋಟ ಬರೆಸಿಕೊಂಡ ಹಾಗೆ. ಅವನು ಅಲ್ಲಿಗೆ ಒಮ್ಮೆಯೂ ಕಾಲಿಟ್ಟವನಲ್ಲ. ಅವನಿಗೆ ಬೇಕಾಗಿದ್ದದ್ದು ರಬ್ಬರು. ಕಾಡಿನ ಬಳ್ಳಿ ಕಡಿದು, ಒಸರುವ ಹಾಲನ್ನು ಗಂಡಸರು ತಮ್ಮ ಎದೆಗೆ, ತೋಳಿಗೆ ಬಳಿದುಕೊಂಡು ಒಣಗಿಸಿ, ಮೈರೋಮದ ಸಮೇತ ಕಿತ್ತು ಬುಟ್ಟಿ ತುಂಬಬೇಕು. ತುಂಬುವವರೆಗೆ ಅವರ ಹೆಂಗಸರು ಸಿಪಾಯಿಗಳ ಬಂಧನದಲ್ಲಿ. ಒಂದು ಸಲ ಅವಳ ಮುತ್ತಜ್ಜನ ಬುಟ್ಟಿ ತುಂಬಲಿಲ್ಲ. ಸಿಪಾಯಿಗಳು ಅವರ ಬಲಗೈ ಕಡಿದರು. ಆಗ ಅವರಿಗೆ ಮೀಸೆಯೂ ಮೂಡಿರಲಿಲ್ಲ. "ಅಜ್ಜಿ ಮನೆಯೊಳಗೆ ರಬ್ಬರಿನ ಚಪ್ಪಲಿ ಸಹ ಬಿಡುತ್ತಿರಲಿಲ್ಲ ಅಂಕಲ್. ನಂಗೆ ಗೊತ್ತು, ನಿಮ್ಮ ತಪ್ಪಲ್ಲ. ಆದರೆ ಆ ವಾಸನೆ ಬಂದರೆ ನಂಗೆ ಅಲ್ಲಿ ಕೂತಿರಲಿಕ್ಕೆ ಆಗುವುದಿಲ್ಲ."

ಪಪ್ಪ ಊಟ ಬಿಟ್ಟು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮಮ್ಮಿ ಅಳುತ್ತಿದ್ದರು. ನನಗೆ? ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು. ಇಬ್ಬರು ದೊಡ್ಡವರನ್ನು ಹಾಗೆ ಕೂರಿಸಿಬಿಡುವ ಕಥೆ ನನ್ನ ಹತ್ತಿರ ಒಂದಾದರೂ ಇತ್ತೇ? ಮರುದಿನ ಮಮ್ಮಿಯನ್ನು ಕೇಳಿದೆ, "ನಮ್ಮ ಮನೆಯಲ್ಲಿ ಯಾರದ್ದಾದರೂ ಕೈ ಕಡಿದಿದ್ದಾರಾ?" ಮಮ್ಮಿ ಸೌಟು ಎತ್ತಿದರು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆ ಸಂಜೆ. ಪಪ್ಪ ವರ್ಕ್‌ಶಾಪಿನಲ್ಲೇ ಮೈ ತಿಕ್ಕಿ ತೊಳೆದು, ಕೆಲಸದ ಬಟ್ಟೆ ಅಲ್ಲೇ ಬಿಟ್ಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಮುಖ ಒತ್ತಿದರೆ ಬರೀ ಸಾಬೂನು. ಜೇಬಿಗೆ ಕೈ ಹಾಕಿದೆ. "ಇನ್ನು ಅದೆಲ್ಲ ಮನೆಗೆ ಬೇಡ ಬಾಯೆ. ಪಾಪ, ಅವಳಿಗೆ ಕಷ್ಟ ಆಗ್ತದೆ" ಎಂದರು. ಮೀನೂ ಇಲ್ಲ, ಆನೆಯೂ ಇಲ್ಲ. ಎಲ್ಲಿಂದಲೋ ಬಂದವಳು ನನ್ನ ಪಪ್ಪನ ವಾಸನೆಯನ್ನೇ ಅಳಿಸಿಹಾಕಿದಳು ಎಂದು ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಹೀಗೆ ಸೆಪ್ಟೆಂಬರ್ ಬಂತು. ಎಂಟನೇ ತಾರೀಕು ನಮಗೆ ಮಾತೆ ಮರಿಯಮ್ಮನ ಹಬ್ಬ, ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯ ಕಾಳನ್ನು ಸುಲಿದು, ಪುಡಿ ಮಾಡಿ, ತೆಂಗಿನ ಹಾಲು ಬೆಲ್ಲಕ್ಕೆ ಹಾಕಿ ಮನೆಯ ಯಜಮಾನ ಹಂಚುತ್ತಾನೆ, ಅದೇ ಹೊಸಕ್ಕಿ. ಆ ದಿನ ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯಲ್ಲಿ ತರಕಾರಿ ಊಟ. ಊರಿನಿಂದ ಯಾರೋ ಬರುವವರ ಕೈಯಲ್ಲಿ ನನ್ನ ದೊಡ್ಡಪ್ಪ ಲಕೋಟೆಯಲ್ಲಿ ಎರಡು ತೆನೆ ಕಳಿಸುತ್ತಿದ್ದರು. ಅತಿಥಿಗಳಿಗೆ ಊಟ ಬಡಿಸಬಹುದು, ಆದರೆ ಹೊಸಕ್ಕಿ ಮನೆಯವರಿಗೆ ಮಾತ್ರ ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ದೂರ ಇರುವವರ, ತೀರಿಕೊಂಡವರ ಹೆಸರು ಹೇಳಿ ಪಪ್ಪ ಒಂದೊಂದು ಚಮಚ ಒಂದು ಬಟ್ಟಲಿಗೆ ಎತ್ತಿಡುತ್ತಿದ್ದರು. ಅದಕ್ಕೆ ಪಾಲು ಎನ್ನುತ್ತಿದ್ದೆವು. ಆ ವರ್ಷ ನೆಲದ ಮೇಲೆ ನಾಲ್ಕು ಎಲೆ. ಪಪ್ಪ ಮಮ್ಮಿಗೆ ಕೊಟ್ಟರು, ನನಗೆ ಕೊಟ್ಟರು, ಆಮೇಲೆ ಒಡೆಟ್‌ಳ ಕೈಗೆ ಹಾಕಿ, "ನಿನ್ನ ಮನೆಯವರ ಹೆಸರು ಹೇಳು ಬಾಯೆ, ಅವರಿಗೂ ಇಡುವ" ಎಂದರು. ಅವಳು ಕಣ್ಣು ಮುಚ್ಚಿ ಮೊದಲು ಹೇಳಿದ್ದೇ ಮುತ್ತಜ್ಜನ ಹೆಸರು.

ನಾನು ಇಂಗ್ಲಿಷಿನಲ್ಲಿ, ಅವಳಿಗೆ ಚೆನ್ನಾಗಿ ತಿಳಿಯಲೆಂದೇ ಬಿಡಿಸಿ ಬಿಡಿಸಿ ಹೇಳಿದೆ, "ಅವರಿಗೆ ಯಾಕೆ? ತಿನ್ನಲಿಕ್ಕೆ ಅವರಿಗೆ ಕೈಯೇ ಇಲ್ಲವಲ್ಲ."

ಪಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಎಲೆಯ ಮೇಲಿದ್ದ ಹೊಸಕ್ಕಿಯನ್ನು ಚಮಚದಿಂದ ಕೆರೆದು ಪಾತ್ರೆಗೆ ವಾಪಸು ಹಾಕಿ, "ಇವಳಿಗೆ ಈ ವರ್ಷ ಇಲ್ಲ" ಎಂದರು. ಹಾಗೆಂದರೆ ಏನೆಂದು ನಮ್ಮ ಮನೆಯ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. ಅವಳು ಮನೆಯವಳು, ನಾನಲ್ಲ. ಒಡೆಟ್ ಮಾತ್ರ ಸಿಟ್ಟಾಗಲಿಲ್ಲ. "ಹೌದು ಪುಟ್ಟಿ, ಅವರಿಗೆ ಬಲಗೈ ಇರಲಿಲ್ಲ. ಎಡಗೈಯಲ್ಲಿ ತಿನ್ನಬಾರದೆಂದು ನನ್ನ ಅಜ್ಜಿಯೇ ತಿನ್ನಿಸುತ್ತಿದ್ದರು. ಅಜ್ಜಿಗೂ ಆಗ ನಿನ್ನಷ್ಟೇ ವಯಸ್ಸು" ಎಂದು ತನ್ನ ಪಾಲಿನ ಅರ್ಧವನ್ನು ಬೆರಳಲ್ಲಿ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಅವಳ ಕೈಯನ್ನು ತಳ್ಳಿದೆ. ಹೊಸಕ್ಕಿ ಚಾಪೆಯ ಮೇಲೆ ಚೆಲ್ಲಿತು. ಮಮ್ಮಿ "ಜೇಜು!" ಎಂದು ಯೇಸುವನ್ನು ಕೂಗಿದರು. ಒಡೆಟ್ ಬಗ್ಗಿ, ಒಂದೊಂದೇ ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು ತಿಂದಳು.

ಎರಡು ತಿಂಗಳಲ್ಲಿ ಅವಳು ಹೊರಟುಹೋದಳು. ಬೇರೆ ಕೆಲಸ ಸಿಕ್ಕಿತು ಎಂದು ಮಮ್ಮಿ ಹೇಳುತ್ತಿದ್ದರು. ನನಗೆ ನಂಬಿಕೆಯಿಲ್ಲ. ಹೋದದ್ದಾದರೂ ಎಲ್ಲಿಗೆ, ಆ ರಾಜನ ದೇಶಕ್ಕೇ, ಮುದುಕರ ಶುಶ್ರೂಷೆಗೆ. ಅವಳು ದಿನಾ ಟ್ರಾಮ್ ಹತ್ತುವ ಕಡೆ ಅವನ ಮೂರ್ತಿ ಉಂಟಂತೆ, ಕುದುರೆಯ ಮೇಲೆ. ಪಪ್ಪ ಫೋನಿನಲ್ಲಿ ಕೇಳಿದರು, "ಕೈ ಎರಡೂ ಗಟ್ಟಿ ಉಂಟಾ ಅವನಿಗೆ?" ಆಚೆ ಕಡೆ ಅವಳು ನಕ್ಕದ್ದು ನನಗೂ ಕೇಳಿಸಿತು. ಆಮೇಲೆ ಪ್ರತಿ ವರ್ಷ ಪಪ್ಪ ನಮ್ಮ ಎರಡು ತೆನೆಯಲ್ಲಿ ನಾಲ್ಕು ಕಾಳು ಬಿಡಿಸಿ, ಕಾಗದದಲ್ಲಿ ಮಡಿಸಿ ಅವಳಿಗೆ ಅಂಚೆಗೆ ಹಾಕುತ್ತಿದ್ದರು. ನನಗೂ ಮತ್ತೆ ಎಲೆಯ ಮೇಲೆ ಬೀಳುತ್ತಿತ್ತು, ಯಾರೂ ಹಳೆಯದನ್ನು ಎತ್ತಲಿಲ್ಲ. ಆದರೆ ಹೆಸರು ಹೇಳಿ ಎತ್ತಿಡುವಾಗ ಪಪ್ಪ ಮೊದಲು ಹೇಳುತ್ತಿದ್ದದ್ದು ಒಡೆಟ್ ಎಂದು. ಪ್ರತಿ ವರ್ಷವೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಈಗ ಪಪ್ಪ ಇಲ್ಲ. ಮಂಗಫ್‌ನ ಆ ಕಟ್ಟಡವನ್ನೂ ಕೆಡವಿದರು. ನಾನು ಒಮ್ಮೆ ಹೋಗಿ ನೋಡಿದೆ, ನಮ್ಮ ಮೂರನೇ ಮಹಡಿ ಇದ್ದ ಕಡೆ ಬರೀ ಆಕಾಶ. ಅಡುಗೆಮನೆಯ ನಗು, ಬಾಳೆಕಾಯಿಯ ಘಮ, ಎಲ್ಲ ಎಲ್ಲಿ ಹೋಯಿತೋ. ನಿಮ್ಮ ಬಾಲ್ಯದ ಮನೆಯೂ ಬಾಡಿಗೆಯದ್ದಾಗಿದ್ದರೆ ನಿಮಗೆ ಗೊತ್ತಿರುತ್ತದೆ, ಹಿಂತಿರುಗಿ ಹೋಗಲು ಒಂದು ಹೊಸಿಲೂ ಉಳಿಯುವುದಿಲ್ಲ. ಮಮ್ಮಿ ನನ್ನ ಜೊತೆಗಿದ್ದಾರೆ. ಪಪ್ಪ ಹೋದ ಮೇಲೆ ನಮ್ಮಲ್ಲಿ ಹೊಸಕ್ಕಿ ಹಂಚುವವರಿಲ್ಲ. ಊರಿನಿಂದ ತರಿಸಬಹುದು, ಹಂಚುವುದು ನಾನೂ ಮಾಡಬಹುದು. ಆಫೀಸು, ಟ್ರಾಫಿಕ್ಕು ಎಂದು ಏನೋ ಒಂದು ನೆವ ಹೇಳುತ್ತೇನೆ.

ಈ ವರ್ಷ ಎಂಟನೇ ತಾರೀಕು ಮಧ್ಯಾಹ್ನ ಒಡೆಟ್ ಮಮ್ಮಿಗೆ ಫೋನು ಮಾಡಿದಳು. ಮಮ್ಮಿಗೆ ಕಿವಿ ಮಂದ, ಸ್ಪೀಕರಿನಲ್ಲಿಟ್ಟಿದ್ದರು. ಈಗ ಅವಳಿಗೆ ಹೊಸಕ್ಕಿ ಕಳಿಸುವವರಿಲ್ಲ. ಅಂಗಡಿಯ ಅಕ್ಕಿಯನ್ನೇ ಪುಡಿ ಮಾಡಿ, ಹಾಲಿಗೆ ಹಾಕಿ ಮಕ್ಕಳಿಗೆ ಹಂಚಿದಳಂತೆ. ಪಪ್ಪನ ಪಾಲು ಮೊದಲು ಎತ್ತಿಟ್ಟಳಂತೆ, ಆಮೇಲೆ ಮುತ್ತಜ್ಜನದ್ದು. ಕೇಳಿದ್ದೇ ನನಗೆ ಹತ್ತು ವರ್ಷದವಳಿದ್ದಾಗ ಬಂದ ಅದೇ ಹೊಟ್ಟೆಕಿಚ್ಚು ಬಂತು. ನನ್ನ ಪಪ್ಪ, ನನ್ನವರು! ಅಷ್ಟರಲ್ಲಿ ಅವಳು ಕೇಳಿದಳು, "ಅಲ್ಲಿ ನಮ್ಮ ಪುಟ್ಟಿಯೂ ಪಪ್ಪನಿಗೆ ಇಟ್ಟಳಾ?"

ಮಮ್ಮಿ ನನ್ನ ಕಡೆ ನೋಡಲಿಲ್ಲ. "ಇಟ್ಟಿದ್ದಾಳೆ ಬಾಯೆ, ಇಟ್ಟಿದ್ದಾಳೆ" ಎಂದರು. ನಾನು ಮೇಜಿನ ಮೇಲೆ ಆಗಷ್ಟೇ ಹೋಟೆಲಿನಿಂದ ತರಿಸಿದ ಮಟನ್ ಬಿರಿಯಾನಿಯ ಡಬ್ಬಿ ತೆರೆದಿದ್ದೆ.