ಪಟ್ಟಿಯಲ್ಲಿ ಇಲ್ಲದ ಶಬ್ದ

ಸುಬ್ಬರಾಯರು ತೀರಿಕೊಂಡು, ವರ್ಷದ ತಿಥಿಯೂ ಮುಗಿದ ಮೇಲೆ, ಅವರಿನ್ನೂ ಬದುಕಿದ್ದಾರೆ ಎಂಬ ಸುದ್ದಿ ರಿಪ್ಪನ್‌ಪೇಟೆಯ ಅವರದೇ ಮನೆಗೆ ಬಂತು. ತಂದವಳು ಭವ್ಯಾ. ಮನುಷ್ಯರು ಹೇಗೆ ಮುದುಕರಾಗುತ್ತಾರೆಂದು ತಿಳಿಯಲು ಒಂದಿಷ್ಟು ಜನರನ್ನು ಹಿಡಿದು, ಅವರು ಸಾಯುವವರೆಗೂ ಬೆನ್ನು ಬಿಡದ ಒಂದು ಅಧ್ಯಯನದಲ್ಲಿ ಅವಳಿಗೆ ಕೆಲಸ.

ಸುಬ್ಬರಾಯರು ಮತ್ತು ಅವರ ಹೆಂಡತಿ ವಾಗ್ದೇವಿ ಈ ಅಧ್ಯಯನದ ಕೈಗೆ ಸಿಕ್ಕಿ ಬಹಳ ವರ್ಷವಾಗಿತ್ತು. ಅವರು ಸೊಸೈಟಿಯಲ್ಲಿ ಗುಮಾಸ್ತರಾಗಿದ್ದವರು, ಇವರು ಪ್ರೈಮರಿ ಶಾಲೆಯ ಟೀಚರ್. ನಾಲ್ಕು ವರ್ಷಕ್ಕೊಮ್ಮೆ ಯಾರಾದರೂ ಬಂದು ತೂಕ ನೋಡುವುದು, ಒಂದು ಹಿಡಿಕೆ ಕೊಟ್ಟು ಹಿಚುಕಿಸುವುದು, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಸುವುದು. ಕೊನೆಗೆ ಹತ್ತು ಶಬ್ದ ಓದಿ, ಸ್ವಲ್ಪ ಹೊತ್ತು ಬಿಟ್ಟು, ನೆನಪಿದ್ದಷ್ಟು ಹೇಳಿ ಎನ್ನುವುದು. ವಾಗ್ದೇವಿ ಒಂಬತ್ತು ಹೇಳುತ್ತಿದ್ದರು. ಸುಬ್ಬರಾಯರ ಬಂಡಿ ಆರಕ್ಕೆ ನಿಲ್ಲುತ್ತಿತ್ತು.

ಇದು ಅವರಿಗೆ ಬಿ.ಪಿ.ಗಿಂತ ದೊಡ್ಡ ಕಾಯಿಲೆಯಾಯಿತು. ಕೊನೆಯ ಸಲ ಬಂದವರು ಹೊರಟು ಗೇಟು ದಾಟುವ ಮೊದಲೇ ಸುಬ್ಬರಾಯರು ಹೆಂಡತಿಯನ್ನು ಕೂರಿಸಿಕೊಂಡು ಒಂಬತ್ತೂ ಶಬ್ದ ಕೇಳಿ ತಿಳಿದುಕೊಂಡರು. ಆಕೆ ಬಿಟ್ಟಿದ್ದ ಒಂದು ಇವರಿಗೆ ನೆನಪಿತ್ತು. ಅಲ್ಲಿಗೆ ಹತ್ತಾಯಿತು. ಮುಂದಿನ ಸಲ ಪಟ್ಟಿ ಬೇರೆ ಇರುತ್ತದೆ ಎಂದು ವಾಗ್ದೇವಿ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡುತ್ತ ಬಾಯಿಪಾಠ ಮಾಡತೊಡಗಿದರು.

ಅಧ್ಯಯನದವರು ಮುಂದಿನ ಸಲ ಬರುವ ಮೊದಲೇ ಅವರಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಮಗಳು ವಿನಯಾಳ ಹೆಸರು ಹೋಯಿತು. ಆಮೇಲೆ ಹೆಂಡತಿಯ ಗುರುತೇ ಹೋಯಿತು. ಅಧ್ಯಯನದವರೆಂದು ತಿಳಿದು ಆಕೆಯನ್ನೇ "ಮೇಡಂ" ಎನ್ನುತ್ತಿದ್ದರು, ಕಾಫಿ ಕೊಟ್ಟರೆ ಕೈ ಮುಗಿಯುತ್ತಿದ್ದರು. ವಾಗ್ದೇವಿಗೆ ಗಂಡನ ಸಾವಿಗಿಂತ ಈ ಕೈ ಮುಗಿಯುವುದೇ ಹೆಚ್ಚು ಸಂಕಟ ಕೊಟ್ಟಿತು. ಊರಿನವರು ಬಂದು, "ಕೊನೇವರೆಗೂ ನಿಮ್ಮ ಗುರುತಿತ್ತಾ?" ಎಂದು ಕೇಳಿದರೆ, ಇಲ್ಲ ಎಂದು ಹೇಳಿ ಮಾತು ಬದಲಾಯಿಸುತ್ತಿದ್ದರು.

ಭವ್ಯಾ ಫೋನ್ ಮಾಡಿದ್ದು ಹಿಂದಿನ ವಾರ. "ಸುಬ್ಬರಾಯರು ಇದಾರಾ ಅಮ್ಮಾ?" ಎಂದು ಕೇಳಿದಳು. ಹೊರಗಿನವರ ಜೊತೆ ವಾಗ್ದೇವಿಯದು ಯಾವಾಗಲೂ ಶಾಲೆಯ ಕನ್ನಡ. ಆದರೆ ಗಂಡನ ಹೆಸರು ಕೇಳಿದ್ದೇ ಮನೆಮಾತು ಹೊರಬಂತು.

"ಇಲ್ಲೆ."

ಅವರ ಮನೆಮಾತಿನಲ್ಲಿ 'ಇದ್ದು' ಎಂದರೆ ಇದೆ, 'ಇಲ್ಲೆ' ಎಂದರೆ ಇಲ್ಲ. ಚಿತ್ರದುರ್ಗದ ಕಡೆಯ ಭವ್ಯಾಳ ಕಿವಿಯಲ್ಲಿ ಅದು 'ಇಲ್ಲೇ, ಪಕ್ಕದಲ್ಲೇ' ಎಂದಾಯಿತು. "ಒಳ್ಳೇದಾತು ಅಮ್ಮಾ, ಬರ್ತೀನಿ," ಎಂದಳು. ಈ ಒಳ್ಳೇದು ಯಾವುದೆಂದು ವಾಗ್ದೇವಿಗೆ ತಿಳಿಯಲಿಲ್ಲ. ಮಾತಾಡಿಸಲು ಬರುತ್ತಾಳೇನೋ ಎಂದುಕೊಂಡು ಫೋನ್ ಇಟ್ಟರು.

ಈಗ ಭವ್ಯಾ ಜಗಲಿಯಲ್ಲಿ ತೂಕದ ಯಂತ್ರ ಇಟ್ಟುಕೊಂಡು, "ಅಜ್ಜಾರನ್ನ ಕರೀರಿ, ಮೊದಲು ಅವರದ್ದು ಮುಗಿಸಾಣ," ಎಂದಳು. ವಾಗ್ದೇವಿ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸಿದರು. ಭವ್ಯಾ ಫೋಟೋ ನೋಡಿದಳು, ಯಂತ್ರ ನೋಡಿದಳು. ಆಮೇಲೆ ನೀರು ಕೇಳಿ ಕುಡಿದಳು.

ತೀರಿಕೊಂಡವರ ಬಗ್ಗೆ ಮನೆಯವರನ್ನು ಕೇಳುವ ಪ್ರಶ್ನೆಗಳು ಬೇರೆಯೇ ಇದ್ದವು. ಭವ್ಯಾ ತಗ್ಗಿದ ದನಿಯಲ್ಲಿ ಒಂದೊಂದೇ ಕೇಳಿ, ಟ್ಯಾಬಿನಲ್ಲಿ ಒತ್ತುತ್ತ ಹೋದಳು.

"ಕೊನೇ ದಿನಗಳಲ್ಲಿ ಅವರಿಗೆ ಮನೆಯವರ ಗುರುತಿತ್ತಾ?"

"ಇಲ್ಲ," ಎಂದರು ವಾಗ್ದೇವಿ, ಈ ಸಲ ಎಚ್ಚರದಿಂದ. "ಆದ್ರೆ ಮಗಾ, ಒಂದು ವಿಷಯ ಬರ್ಕೋಬೇಕು. ಆ ಹತ್ತು ಶಬ್ದ ಇದ್ವಲ್ಲ, ಅಷ್ಟನ್ನೂ ಹೇಳ್ತಿದ್ರು. ನಿಮ್ಮಲ್ಲಿ ಅವ್ರ ಹೆಸರಿನ ಮುಂದೆ ಆರು ಅಂತಲೇ ಇದೆ. ಅದನ್ನ ಹತ್ತು ಮಾಡಿ."

"ಹತ್ತೂ ಹೇಳ್ತಿದ್ರಾ? ಒಂದೂ ತಪ್ಪಿಲ್ದೆ?"

ವಾಗ್ದೇವಿ ಸುಳ್ಳು ಹೇಳಬಹುದಿತ್ತು. ಆದರೆ ಜೀವಮಾನವಿಡೀ ಕೆಂಪು ಶಾಯಿಯಲ್ಲಿ ತಿದ್ದಿದ ಕೈ ಒಪ್ಪಲಿಲ್ಲ.

"ಒಂದು ತಪ್ಪು ಇತ್ತು. ಹತ್ತು ಮುಗಿದ ಮೇಲೆ ಇನ್ನೊಂದು ಸೇರಿಸೋರು. ಅದು ಪಟ್ಟಿಲಿ ಇಲ್ಲೆ ಅಂದ್ರೆ, 'ಇದ್ದು ಮೇಡಂ, ಸರಿ ನೋಡಿ' ಅಂತ ನನಗೇ ಜೋರು ಮಾಡೋರು. ದಿನಾ ತಿದ್ದಿದೆ. ಕೊನೇವರೆಗೂ ತಿದ್ದಿಕೊಳ್ಳಲಿಲ್ಲ."

"ಯಾವ ಶಬ್ದ ಅಮ್ಮಾ ಅದು?"

"ವಾಗ್ದೇವಿ," ಎಂದರು ವಾಗ್ದೇವಿ, ತಪ್ಪು ಉತ್ತರ ಓದಿ ಹೇಳುವ ಟೀಚರ್ ದನಿಯಲ್ಲಿ.

ಭವ್ಯಾಳ ಬೆರಳು ಟ್ಯಾಬಿನ ಮೇಲೆ ನಿಂತಿತು. ಎದುರಿಗಿದ್ದವರ ಮುಖ ನಿಧಾನಕ್ಕೆ ಬದಲಾಗುವುದನ್ನು ಅವಳು ನೋಡಿದಳು. ಪರದೆಯನ್ನು ಒಂದು ಪ್ರಶ್ನೆ ಹಿಂದಕ್ಕೆ ಸರಿಸಿ, "ಅಮ್ಮಾ, ಗುರುತಿತ್ತಾ ಅಂತ ಕೇಳಿದ್ನಲ್ಲ. ಅದಕ್ಕೆ ಏನಂತ ಬರೀಲಿ?" ಎಂದಳು.

ವಾಗ್ದೇವಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಷ್ಟು ದಿನ ತಿದ್ದಿದೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಶಾಲೆಯ ಕನ್ನಡ ಹುಡುಕಿದರೂ ಸಿಗಲಿಲ್ಲ.

"ಇದ್ದು," ಎಂದರು.

ಭವ್ಯಾ ಒತ್ತಲಿಲ್ಲ. ಒಮ್ಮೆ ಕೈ ಸುಟ್ಟುಕೊಂಡಿದ್ದಳಲ್ಲ.

"ಇದ್ದು ಅಂದ್ರೆ ಹೌದು ಅಂತಾನೇ ಅಲ್ವಾ ಅಮ್ಮಾ?"

"ಹೌದು ಮಗಾ," ಎಂದರು ವಾಗ್ದೇವಿ. "ಸರಿಯಾಗಿ ಕೇಳಿ ಬರ್ಕೊ. ಹೌದು."