ಹತ್ತಿ ಕಾಯುವ ಬಿಳಿ ಧೋತರ

ಕುಕನೂರಿನಿಂದ ಇಟಗಿಗೆ ಹೋಗುವ ದಾರಿಯ ಎರೆ ಹೊಲದಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಬದುವಿನ ಮೇಲೆ ನಿಂತ ಶಿವಬಸಮ್ಮ ಅರಳಿದ ಹತ್ತಿಯನ್ನು ಕಿತ್ತು ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ತಣ್ಣಗಿದೆ. "ಇಬ್ಬನಿ ಆರಿಲ್ಲ, ತಡೀರಿ."

ಬಿಡಿಸಲು ಬಂದ ಹೆಂಗಸರಿಗೆ ಬಿಸಿಲೇರುವ ಮೊದಲೇ ಕೆಲಸ ಮುಗಿಸುವ ಆಸೆ. "ಸೂರ್ಯಗ ಒಂದ್ ಫೋನ್ ಹಚ್ಚಬೇ ಶಿವಬಸವ್ವಾ, ಎಲ್ಲಿ ಅದಾನ ಕೇಳು," ಎಂದು ಶಾಂತಕ್ಕ ಛೇಡಿಸುತ್ತಾರೆ. ಶಿವಬಸಮ್ಮ ನಗುತ್ತಾರೆ, ಜಾಗ ಬಿಟ್ಟು ಕದಲುವುದಿಲ್ಲ.

ಊರಿನ ರೈತರ ಸಂಘದ ಹತ್ತಿಯನ್ನು ಪರೀಕ್ಷಿಸುವುದು ಅವರ ಕೆಲಸ. ನ್ಯಾಯಯುತ ವ್ಯಾಪಾರದ ಒಪ್ಪಂದ ಮಾಡಿಕೊಂಡಿರುವ ಖರೀದಿದಾರರು ಬಿತ್ತನೆಗೆ ಮೊದಲೇ ದರ ಹೇಳುತ್ತಾರೆ. ಪೇಟೆ ಕುಸಿದರೂ ಅದಕ್ಕಿಂತ ಇಳಿಸುವುದಿಲ್ಲ. ಊರಿಗೆಂದು ಮೇಲೊಂದಿಷ್ಟು ಕೊಡುತ್ತಾರೆ. ಶುದ್ಧ ನೀರಿನ ಘಟಕ ಬಂದದ್ದು ಹಾಗೆ. ಆದರೆ ಹತ್ತಿ ಒಣಗಿರಬೇಕು, ಪ್ಲಾಸ್ಟಿಕ್ ಎಳೆ ಸೇರಿರಬಾರದು. ಹೋದ ವರ್ಷ ಗೊಬ್ಬರ ಚೀಲದ ಎಳೆಗಳು ಸಿಕ್ಕಿ ಇಡೀ ಲಾರಿ ವಾಪಸ್ಸಾಯಿತು. ಈ ಸಲವೂ ಹಾಗಾದರೆ ಒಪ್ಪಂದವೇ ಮುಗಿಯುತ್ತದೆ.

ಅದಕ್ಕೇ ಶಿವಬಸಮ್ಮ ಮನೆಮನೆಗೆ ಹೋಗಿ ಹಳೆಯ ಬಿಳಿ ಧೋತರ ಬೇಡಿ ತಂದರು. ಹತ್ತಿಯ ಗಂಟು ಕಟ್ಟಲು ಅವನ್ನು ಹರಿದು ಹಂಚಿದರು. "ಊರಾಗಿನ ಮುದುಕರು ಧೋತರ ಒಣಗ ಹಾಕಾಕ ಹೆದರ್ತಾರ," ಎನ್ನುತ್ತಾರೆ ಅವರ ಮಾವ ವಿರೂಪಾಕ್ಷಪ್ಪ. ಮೊದಲು ಹೋದದ್ದು ಅವರದೇ.

ಇಂದು ಲಾರಿ ಬರುವ ದಿನ. ಬಿಸಿಲೇರಿದ ಮೇಲೆ ಶಿವಬಸಮ್ಮನ ಮೈದುನನ ಹೆಂಡತಿ ಮಲ್ಲೇಶ್ವರಿ ಅಂಗಳಕ್ಕೆ ಹತ್ತಿ ತರುತ್ತಾಳೆ, ಗೊಬ್ಬರ ಚೀಲದಲ್ಲಿ. ಕೊಟ್ಟ ಧೋತರದಲ್ಲಿ ಕೂಸಿಗೆ ಜೋಳಿಗೆ ಕಟ್ಟಿದ್ದಾಳಂತೆ.

"ಮನಿಯಾಕಿ ಅದೀನಿ, ಒಂದ್ ಸಲ ಬಿಡಬೇ ಯಕ್ಕಾ."

"ಮನಿಯಾಕೀದ ಬಿಟ್ರ ಮಂದಿಗಿ ಯಾವ ಬಾಯಿಲೆ ಹೇಳ್ಲಿ?"

ಮಲ್ಲೇಶ್ವರಿ ಮುಖ ತಿರುಗಿಸುತ್ತಾಳೆ. ಶಿವಬಸಮ್ಮ ಚೀಲವನ್ನು ಸುರಿದು, ಕುಳಿತು, ಎಳೆ ಆರಿಸತೊಡಗುತ್ತಾರೆ. ತುಸು ಹೊತ್ತಿಗೆ ಮಲ್ಲೇಶ್ವರಿಯೂ ಎದುರು ಕೂರುತ್ತಾಳೆ. ಊಟದ ಹೊತ್ತು ಮೀರಿದರೂ ಇಬ್ಬರೂ ಏಳುವುದಿಲ್ಲ. ಕೊನೆಗೆ ಕಟ್ಟಲು ಬಟ್ಟೆಯಿಲ್ಲ. ವಿರೂಪಾಕ್ಷಪ್ಪ ಒಳಗೆ ಹೋಗಿ, ಮಡಿಚಿಟ್ಟ ಧೋತರವೊಂದನ್ನು ತಂದು ಸೊಸೆಯರ ನಡುವೆ ಇಡುತ್ತಾರೆ.

ಲಾರಿಯೊಂದಿಗೆ ಬಂದ ಖರೀದಿದಾರರ ಕಡೆಯ ಶರಣಬಸಪ್ಪ ಪ್ರತಿ ಗಂಟಿಗೂ ಕೈ ಹಾಕಿ ನೋಡುತ್ತಾರೆ. ಮಲ್ಲೇಶ್ವರಿಯ ಗಂಟಿನಲ್ಲಿ ಅವರ ಕೈ ಕೊಂಚ ಹೆಚ್ಚು ಹೊತ್ತು ತಡೆಯುತ್ತದೆ. ಶಿವಬಸಮ್ಮ ಸೆರಗಿನ ಚುಂಗು ಹಿಡಿದು ನಿಂತಿದ್ದಾರೆ.

"ಛಲೋ ಐತ್ರಿ. ಏರಸ್ರಿ."

ಲಾರಿ ಮರೆಯಾದ ಮೇಲೆ, ನಿಮಗೇನು ಆಸೆ ಎಂದು ಕೇಳಿದರೆ ಶಿವಬಸಮ್ಮ ಮಾವನ ಕಡೆ ನೋಡುತ್ತಾರೆ. "ಮಾವಾರಿಗಿ ಉಳದಿದ್ದು ಈಗ ಉಟ್ಟಿದ್ದೊಂದ. ನಮ್ಮ ಹತ್ತಿ ಒಂದ್ ಧೋತರ ಆಗಿ ತಿರುಗಿ ಮನಿಗಿ ಬಂದ್ರ ಸಾಕ್ರಿ."

ಕಟ್ಟೆಯ ಮೇಲೆ ಕುಳಿತ ವಿರೂಪಾಕ್ಷಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಅನ್ನುತ್ತಾರೆ: "ಬರ್ಲಿ ಬಿಡ್ರಿ. ಅದನ್ನೂ ಹರೀತಾಳ."