ಮಾಮಾನ ಕಾರಿನ ಮೋಟು ಪೈಪು

ಸೇಡಂ ಬಸ್ ನಿಲ್ದಾಣದ ಹಿಂದೆ ಒಂದು ಗುಜರಿ ಅಂಗಡಿ ಇದೆ. ಮೊಣಕಾಲಿನ ಔಷಧಿ ತರಲು ಹೋಗುವಾಗ ಅದರ ಮುಂದೆಯೇ ಹಾದುಹೋಗುತ್ತೇನೆ. ಹೋದ ತಿಂಗಳು ಅಲ್ಲಿ ಮಣ್ಣಿನಲ್ಲಿ ಹಳೆಯ ಅಂಬಾಸಿಡರ್ ಕಾರಿನ ಸೈಲೆನ್ಸರ್ ಡಬ್ಬಿಯೊಂದು ಬಿದ್ದಿತ್ತು. ತುಕ್ಕು ತಿಂದು ಅದರ ಹೊಟ್ಟೆ ತೂತಾಗಿತ್ತು. ಕೋಲಿನಿಂದ ಮುಟ್ಟಿದೆ, ಕೆಂಪು ಪುಡಿ ಉದುರಿತು. ಒಳಗಿಂದ ಮಸಿಯದೂ ನೆನೆದ ಕಬ್ಬಿಣದ್ದೂ ಕೂಡಿದ ಒಂದು ವಾಸನೆ ಬಂತು... ಇಷ್ಟು ವರ್ಷಗಳ ಮೇಲೂ ಮೂಗಿಗೆ ಅದರ ಗುರುತು ಸಿಕ್ಕಿತು. ಅಂಗಡಿಯವನು ‘ಏನ್ ಬೇಕ್ರಿ ಅಜ್ಜಾ?’ ಎಂದ. ಏನೂ ಬೇಡವೆಂದು ಮನೆಗೆ ಬಂದೆ. ಬಂದ ಮೇಲೆ ನೋಡಿದರೆ ಔಷಧಿ ತಂದಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಹೆಚ್ಚು ಕಾಲ ಆಗಿರಲಿಲ್ಲ. ನಾನು ಹೈಸ್ಕೂಲು ಮುಗಿಸಿ, ಸರಕಾರಿ ಕೆಲಸಕ್ಕೆ ಅಲೆದು ಸಾಕಾಗಿ, ಕೊನೆಗೆ ವಾಡಿಯ ಒಂದು ಗ್ಯಾರೇಜಿಗೆ ಸೇರಿದ್ದೆ. ನಮ್ಮಲ್ಲಿಗೆ ಬರುತ್ತಿದ್ದವು ಹೆಚ್ಚಾಗಿ ಶಹಾಬಾದ್ ಕಡೆಯ ಕಲ್ಲಿನ ಗಣಿಗಳ ಜೀಪುಗಳು. ಗಣಿಯ ತಗ್ಗಿಗೆ ಇಳಿಯುವಾಗ ಹೊಗೆಯ ಪೈಪಿನ ಹಿಂದಿನ ತುದಿ ಕಲ್ಲಿಗೆ ಬಡಿದು ಮುರಿಯುತ್ತಿತ್ತು. ಮತ್ತೆ ಮತ್ತೆ ಹೊಸದು ಹಾಕಿ ಬೇಸತ್ತು ನಾವು ಒಂದು ರೂಢಿ ಮಾಡಿಕೊಂಡಿದ್ದೆವು: ಸೈಲೆನ್ಸರ್ ಡಬ್ಬಿಯ ಹಿಂದೆ ಒಂದು ಗೇಣು ಬಿಟ್ಟು ಪೈಪನ್ನು ಕತ್ತರಿಸಿಬಿಡುವುದು. ಹೊಗೆ ಗಾಡಿಯ ಹೊಟ್ಟೆಯ ಕೆಳಗೇ ಹೊರಬೀಳುತ್ತಿತ್ತು. ಜೀಪು ನಾಲ್ಕೂ ಕಡೆ ಬಯಲು. ಯಾರಿಗೂ ಏನೂ ಆಗುತ್ತಿರಲಿಲ್ಲ. ಮೋಟು ಪೈಪು ಎನ್ನುತ್ತಿದ್ದೆವು ಅದಕ್ಕೆ.

ಮಾಮಾನದು ಜೀಪಲ್ಲ, ಅಂಬಾಸಿಡರ್ ಕಾರು. ವಾಡಿ ಸ್ಟೇಷನ್ನಿನಲ್ಲಿ ರೈಲು ಇಳಿದವರನ್ನು ಸನ್ನತಿಯ ಅಮ್ಮನ ಗುಡಿಗೆ ಕರೆದೊಯ್ಯುವ ಬಾಡಿಗೆಯೇ ಅವನ ಜೀವನ. ಸಂಬಂಧದಲ್ಲಿ ಅವನು ನನಗೆ ಏನೂ ಅಲ್ಲ. ಸ್ಟ್ಯಾಂಡಿನ ಎಲ್ಲ ಹುಡುಗರಿಗೂ ಅವನು ಮಾಮಾ, ಅವನಿಗೆ ನಾವೆಲ್ಲ ಅಳಿಯಂದಿರು. ದಪ್ಪ ಮೀಸೆ, ಬಾಯಲ್ಲಿ ಯಾವಾಗಲೂ ಎಲೆ ತಂಬಾಕು, ಇಡೀ ಸ್ಟ್ಯಾಂಡಿಗೆ ಕೇಳುವ ನಗು.

ಒಂದು ಕಾಲದಲ್ಲಿ ಅವನು ಭಾರಿ ಕುಡುಕ. ಸೇಂದಿ ಅಂಗಡಿಯಿಂದ ಹೆಂಡತಿಯೇ ಅವನನ್ನು ಎಬ್ಬಿಸಿ ತರಬೇಕಾಗುತ್ತಿತ್ತಂತೆ. ಕೊನೆಗೆ ಆಕೆ ಕೂಸನ್ನು ಎತ್ತಿಕೊಂಡು ತವರಿಗೆ ಹೋದಳು. ಕರೆಯಲು ಹೋದಾಗ ಒಂದೇ ಮಾತು ಹೇಳಿದಳಂತೆ: ಸನ್ನತಿ ಅಮ್ಮನ ಎದುರು, ಮಗಳ ತಲೆಯ ಮೇಲೆ ಕೈ ಇಟ್ಟು ಕುಡಿತ ಬಿಡುವುದಾದರೆ ಬರುತ್ತೇನೆ. ಅವನು ಹಾಗೆಯೇ ಆಣೆ ಮಾಡಿ ಬಿಟ್ಟ. ಆಮೇಲೆ ಒಂದು ಹನಿ ಮುಟ್ಟಿರಲಿಲ್ಲ. ಮಗಳ ತಲೆಯ ಮೇಲಿನ ಆಣೆ ಮುರಿದರೆ ಅದು ಮಗಳಿಗೇ ತಗಲುತ್ತದೆಂದು ನಮ್ಮ ಕಡೆ ಎಲ್ಲರೂ ನಂಬುತ್ತಿದ್ದೆವು. ಅವನ ಹೆಂಡತಿ, ನಮ್ಮೆಲ್ಲರ ಅತ್ತೆಯೂ ನಂಬಿದ್ದಳು, ಅವನೂ ನಂಬಿದ್ದ.

ಅವನ ಕಾರಿನ ಸೈಲೆನ್ಸರ್ ಆ ಚಳಿಗಾಲದಲ್ಲಿ ಪೂರ್ತಿ ಕೊಳೆತುಹೋಯಿತು. ಸದ್ದು ಅರ್ಧ ಮೈಲಿಗೆ ಕೇಳುತ್ತಿತ್ತು. ಸ್ಟ್ಯಾಂಡಿನವರು ಬಿಡುತ್ತಾರೆಯೇ?

‘ಮಾಮಾ, ನಿನ್ನ ಗಾಡಿ ಸಪ್ಪಳ ಕೇಳಿ ರೈಲು ಬಂತಂತ ಹಮಾಲರು ಫಲಾಟಿಗಿ ಓಡ್ಲಿಕತ್ತಾರ!’

‘ಓಡ್ಲಿ ಬಿಡ್ರಿ, ಮೈ ಬೆಚ್ಚಗಾಗ್ತದ,’ ಎನ್ನುತ್ತಿದ್ದ ಮಾಮಾ.

ಕೊನೆಗೆ ಹೈದರಾಬಾದಿನಿಂದ ಸಾಮಾನು ತರಿಸಿದ. ಇಂಜಿನ್ನಿನಿಂದ ಬರುವ ಮುಂದಿನ ಪೈಪು, ಡಬ್ಬಿ, ಹಿಂದಿನ ಪೈಪು, ಎಲ್ಲವೂ ಹೊಸವು. ‘ಅಳಿಯಾ, ಪೂರಾ ಬದ್ಲಿ ಮಾಡಪ್ಪ, ತ್ಯಾಪಿ ಹಚ್ಚಬ್ಯಾಡ. ಮುಂಜಾನಿ ಸ್ಟೇಷನ್‌ಕ ಮಂದಿ ಬರ್ತಾರ, ಸನ್ನತಿಗಿ ಒಯ್ಯಬೇಕು,’ ಎಂದು ಕಾರನ್ನು ನನ್ನ ಕೈಗೆ ಬಿಟ್ಟುಹೋದ. ಗ್ಯಾರೇಜಿನ ಮಾಲಕರು ಊರಲ್ಲಿರಲಿಲ್ಲ.

ಗೋಣಿ ಹಾಸಿಕೊಂಡು ಕಾರಿನ ಕೆಳಗೆ ಮಲಗಿದೆ. ನಟ್ಟುಗಳೆಲ್ಲ ತುಕ್ಕಿನಲ್ಲಿ ಒಂದಾಗಿಹೋಗಿದ್ದವು. ಸೀಮೆಎಣ್ಣೆ ಹಾಕಿ ನೆನೆಸಿ, ತಿರುಗದಿದ್ದವನ್ನು ಚಾಣದಿಂದ ಕಡಿದೆ. ತುಕ್ಕು ಕಣ್ಣಿಗೂ ಬಾಯಿಗೂ ಬೀಳುತ್ತಿತ್ತು. ಹಳೆಯ ಡಬ್ಬಿ ಹಪ್ಪಳದಂತೆ ಕೈಯಲ್ಲೇ ಮುರಿಯಿತು. ಮುಂದಿನ ಪೈಪು ಕೂತಿತು, ಡಬ್ಬಿ ಕೂತಿತು. ಹಿಂದಿನ ಪೈಪು ಮಾತ್ರ ಕೂರಲಿಲ್ಲ. ಅದು ಹಿಂದಿನ ಅಚ್ಚಿನ ಮೇಲಿಂದ ಬಾಗಿ ಕಾರಿನ ಕೊನೆಯವರೆಗೆ ಹೋಗಬೇಕು; ಬಂದದ್ದರ ಬಾಗು ಬೇರೆಯೇ ಇತ್ತು. ಕಾಯಿಸಿ ಬಗ್ಗಿಸಬೇಕಿತ್ತು. ತೋಳು ಸೋತಿದ್ದವು, ಸಂಜೆಯಾಗಿತ್ತು. ಜೀಪುಗಳಿಗೆ ಮಾಡಿದ್ದನ್ನೇ ಮಾಡಿದೆ. ಒಂದು ಗೇಣು ಬಿಟ್ಟು ಗರಗಸದಿಂದ ಕೊಯ್ದೆ. ಪೈಪಿನ ಬಾಯಿ ಹಿಂದಿನ ಸೀಟಿನ ನೇರ ಕೆಳಗೆ ಬಂತು. ಕಾರಿಗೆ ಗಾಜುಗಳಿವೆ, ಬಾಗಿಲುಗಳಿವೆ, ಡಿಕ್ಕಿಯ ತಗಡಿನಲ್ಲಿ ತುಕ್ಕಿನ ತೂತುಗಳಿವೆ ಎಂಬುದು ಕಣ್ಣಿಗೆ ಕಂಡಿತ್ತು... ತಲೆಗೆ ಹೋಗಲಿಲ್ಲ. ಅಥವಾ ಹೋಗಗೊಡಲಿಲ್ಲ.

ಮಾಮಾ ಬಂದು ಕಾರು ಚಾಲೂ ಮಾಡಿ ಕಿವಿಗೊಟ್ಟು ಕೇಳಿದ. ಸದ್ದೇ ಇಲ್ಲ. ಖುಷಿಯಾಗಿ ನನ್ನ ಬೆನ್ನಿಗೆ ಗುದ್ದಿದ. ‘ಪೂರಾ ಬದ್ಲಿ ಆತಲ್ಲ?’ ‘ಪೂರಾ ಆತು ಮಾಮಾ,’ ಎಂದೆ. ಬಗ್ಗಿ ನೋಡುವವನಲ್ಲ ಅವನು. ನಂಬಿದ್ದ.

ಕೆಲವು ದಿನಗಳ ಮೇಲೆ ಬಂದು, ಕಾರಿನಲ್ಲಿ ಹೊಗೆ ವಾಸನೆ ಬರುತ್ತದೆ, ತಲೆ ಸಿಡಿಯುತ್ತದೆ, ಕೂತ ಮಂದಿಯ ಮಕ್ಕಳು ವಾಂತಿ ಮಾಡುತ್ತಾರೆ ಎಂದ. ‘ಹೊಸ ಪೈಪಿನ ಬಣ್ಣ ಸುಡ್ಲಿಕತ್ತದ ಮಾಮಾ, ನಾಕು ದಿನಕ್ಕ ಹೋಗ್ತದ,’ ಎಂದು ಹೇಳಿ ಕಳಿಸಿದೆ. ಹೊಸ ಪೈಪಿನ ಬಣ್ಣ ಸುಡುವುದು ಖರೆಯೇ. ಅದಕ್ಕೇ ಆ ಸುಳ್ಳು ಅಷ್ಟು ಸಲೀಸಾಗಿ ನಾಲಿಗೆಗೆ ಬಂತು.

ಚಳಿ ಜೋರಾಗಿದ್ದ ಒಂದು ಮುಂಜಾನೆ. ದರ್ಶನಕ್ಕೆ ಸ್ನಾನ ಮಾಡಿ ಮಡಿ ಬಟ್ಟೆ ಉಟ್ಟ ಒಂದು ಕುಟುಂಬ ಕಾರಿನಲ್ಲಿತ್ತು. ವಾಡಿಯ ರಸ್ತೆಯಲ್ಲಿ ಆಗ ಸಿಮೆಂಟಿನ ಬಿಳಿ ದೂಳು. ಬಟ್ಟೆಗೆ ಹತ್ತಬಾರದೆಂದು ಎಲ್ಲ ಗಾಜು ಏರಿಸಿ ಕೂತಿದ್ದರು. ದಾರಿಯಲ್ಲಿ ಮಾಮಾ ತೂಕಡಿಸಿದ. ಕರೆದರೆ ತೊದಲಿದ. ಕಾರು ರಸ್ತೆ ಬಿಟ್ಟು ಹಳ್ಳದ ದಂಡೆಗೆ ಇಳಿದು ಜಾಲಿಯ ಮರಕ್ಕೆ ಗುದ್ದಿ ನಿಂತಿತು. ಸತ್ತವರಿಲ್ಲ. ಒಬ್ಬ ಮುದುಕಿಯ ಕೈ ಮುರಿಯಿತು. ಡ್ರೈವರನ ಮುಖ ಕೆಂಪಾಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ, ಕುಡಿದಿದ್ದಾನೆ ಎಂದರು ಅವರು. ಅವರಿಗೇನು ಗೊತ್ತು ಪಾಪ.

ಕಾರನ್ನು ಎಳೆದು ತರಲು ಗಣಿಯ ಲಾರಿಯೊಂದಿಗೆ ಹೋದವನು ನಾನೇ. ಸರಪಳಿ ಕಟ್ಟಲು ಬಗ್ಗಿದಾಗ ಕಂಡಿತು. ಹಿಂದಿನ ಸೀಟಿನ ಕೆಳಗಿನ ತಗಡೆಲ್ಲ ಮಸಿ. ಡಿಕ್ಕಿಯೊಳಗೂ ಮಸಿ. ಹೊಗೆ ಆ ತೂತುಗಳಿಂದ ಒಳಗೇ ತುಂಬಿಕೊಂಡಿದೆ, ಗಾಜು ಮುಚ್ಚಿವೆ, ಅದರ ವಿಷವೇ ಮಾಮಾನ ತಲೆಗೇರಿದೆ... ಅಲ್ಲೇ, ಹಳ್ಳದ ದಂಡೆಯಲ್ಲೇ, ನನಗೆ ಎಲ್ಲವೂ ತಿಳಿಯಿತು. ಆಮೇಲೆ ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ಹಾದಿ ಇಲ್ಲ.

ವಾಡಿಗೆ ಬಂದಾಗ ಸ್ಟೇಷನ್ ಮುಂದಿನ ಚಹಾದ ಹೋಟೆಲಿನಲ್ಲಿ ಮಂದಿ ಕೂಡಿದ್ದರು. ಮಾಮಾ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದ. ಅವನ ಹೆಂಡತಿಯ ಅಣ್ಣ ಎದುರು ನಿಂತಿದ್ದ.

‘ಕುಡುದಿಲ್ಲಪ್ಪ. ಕಣ್ಣಿಗಿ ಕತ್ತಲಿ ಬಂತು,’ ಎನ್ನುತ್ತಿದ್ದ ಮಾಮಾ.

‘ಮುಂಜಾನಿ ಮುಂಜಾನಿ ಎಲ್ಲಿ ಕತ್ತಲಿ? ಸೇಂದಿ ಗಡಿಗ್ಯಾಗ ಕುಂತಿತ್ತೇನು?’ ಎಂದ ಇನ್ನೊಬ್ಬ ಡ್ರೈವರು. ನಾಲ್ಕು ಜನ ನಕ್ಕರು.

ಹೋಟೆಲಿನವನು ಹತ್ತಿರ ಬಂದು ಮೂಸಿದ. ‘ತಂಬಾಕದ್ದೇ ಹೊಡೀಲಿಕತ್ತದ. ಸೇಂದಿ ವಾಸನಿ ಮುಚ್ಚಲಿಕ್ಕ ಹಾಕ್ಕೊಂಡಾನೋ, ಹಂಗೇ ಹಾಕ್ಕೊಂಡಾನೋ, ಯಾವನಿಗಿ ಗೊತ್ತು.’

‘ನನ್ನ ತಂಗಿಗಿ ಏನಂತ ಹೇಳ್ಲಿ? ಖರೇ ಹೇಳು. ಕೂಸಿನ ತಲಿ ಮ್ಯಾಲಿನ ಆಣಿ ಅದ,’ ಎಂದ ಹೆಂಡತಿಯ ಅಣ್ಣ.

ಆಗ ಮಾಮಾ ನನ್ನನ್ನು ಕಂಡ. ಅವನ ಮುಖ ಅರಳಿದ್ದು ನನಗೆ ಈಗಲೂ ಕಾಣುತ್ತದೆ. ‘ಅಳಿಯಾ, ಬಾ ಇಲ್ಲಿ. ನೀ ಸಾಲಿ ಕಲ್ತಾಂವ, ನಿನ್ನ ಮಾತ ನಂಬ್ತಾರ. ನನ್ನ ಬಾಯಿ ಮೂಸಿ ನೋಡು. ಇವರಿಗಿ ಹೇಳು.’

ಬಾಯಿ ತೆರೆದು ಮಕ್ಕಳಂತೆ ಮುಖ ಮುಂದೆ ಮಾಡಿದ. ನಾನು ಬಗ್ಗಿದೆ. ತಂಬಾಕು, ಸುಣ್ಣ, ಹೊಗೆ. ಸೇಂದಿಯ ಸುಳಿವೂ ಇರಲಿಲ್ಲ. ಇಲ್ಲ ಎಂದರೆ ಮುಂದಿನ ಪ್ರಶ್ನೆ, ಮತ್ತೆ ಕಾರು ಯಾಕೆ ಇಳಿಯಿತು? ಆಗ ಯಾರಾದರೂ ಕಾರಿನ ಕೆಳಗೆ ಬಗ್ಗುತ್ತಾರೆ. ಮುದುಕಿಯ ಕೈ ಮುರಿದಿದೆ, ಪೊಲೀಸರು ಬರುತ್ತಾರೆ. ನನ್ನ ಕೆಲಸ...

‘ನನಗ ನೆಗಡಿ ಆಗ್ಯದ ಮಾಮಾ,’ ಎಂದೆ. ‘ವಾಸನಿ ತಿಳೀವಲ್ದು.’

ಹೆಂಡತಿಯ ಅಣ್ಣ ಹೊರಟುಹೋದ. ಮಾಮಾ ನಿಧಾನಕ್ಕೆ ಬಾಯಿ ಮುಚ್ಚಿದ.

ಕಾರನ್ನು ಗ್ಯಾರೇಜಿಗೆ ತಂದು ಮೊದಲು ಮಾಡಿದ ಕೆಲಸ, ಆ ಪೈಪಿಗೆ ಇನ್ನೊಂದು ತುಂಡು ಬೆಸೆದು ಹಿಂದಿನವರೆಗೆ ಎಳೆದದ್ದು. ಕಾಯಿಸಿ ಬಗ್ಗಿಸಲು ಅರ್ಧ ದಿನವೂ ಹಿಡಿಯಲಿಲ್ಲ. ಮಸಿಯನ್ನು ಬಟ್ಟೆಯಿಂದ ಒರೆಸಿದೆ.

ಮಾಮಾನಿಗೆ ಮತ್ತೆ ಬಾಡಿಗೆ ಸಿಗಲಿಲ್ಲ. ರೈಲು ಇಳಿದವರಿಗೆ ಹಮಾಲರೇ, ಆ ಕಾರು ಬೇಡ, ಎಂದು ಹೇಳುತ್ತಿದ್ದರು. ಕಾರು ಮಾರಿ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರುವ ಕೆಲಸಕ್ಕೆ ಹೋದ. ಅತ್ತೆ ಈ ಸಲ ಮನೆ ಬಿಟ್ಟು ಹೋಗಲಿಲ್ಲ, ಆದರೆ ಅವನೊಂದಿಗೆ ಮಾತು ಬಿಟ್ಟಳಂತೆ. ಒಂದು ವರ್ಷವೋ ಎರಡೋ ಅವನು ಹಾಗೆಯೇ ತಡೆದುಕೊಂಡ. ಆಮೇಲೆ ನಿಜವಾಗಿಯೂ ಕುಡಿಯಲು ಹಿಡಿದ.

ಒಂದು ಮಧ್ಯಾಹ್ನ ಗ್ಯಾರೇಜಿಗೆ ಬಂದ. ಕಾಲು ನಿಲ್ಲುತ್ತಿರಲಿಲ್ಲ. ನನ್ನ ಮುಖದ ಹತ್ತಿರ ಮುಖ ತಂದು ಉಸಿರು ಬಿಟ್ಟ.

‘ಈಗ ಮೂಸಿ ನೋಡು ಅಳಿಯಾ. ನೆಗಡಿ ಹೋಗ್ಯದೇನು?’

ಅವನಿಗೆ ಪೈಪಿನ ವಿಷಯ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ನಕ್ಕು, ಬೆನ್ನಿಗೆ ಮೆತ್ತಗೆ ಗುದ್ದಿ ಹೋದ. ಅದೇ ಕೊನೆ. ಅವನು ಸತ್ತಾಗ ಮಣ್ಣಿಗೂ ನಾನು ಹೋಗಲಿಲ್ಲ.

ಆಮೇಲೆ ನಾನು ಸೇಡಂಗೆ ಬಂದೆ, ಸಂಸಾರ ಮಾಡಿದೆ, ಮುದುಕನಾದೆ. ಹೇಳಬೇಕು ಎಂದು ಅಂದುಕೊಳ್ಳದ ವರ್ಷವಿಲ್ಲ. ಮುಂದೂಡುವುದೂ ಒಂದು ದುಡಿಮೆ, ಅದೂ ದಣಿಸುತ್ತದೆ... ಗುಜರಿ ಅಂಗಡಿಯಿಂದ ಬಂದ ವಾರದಲ್ಲಿ ಚಿಂಚೋಳಿಯ ಬಸ್ಸು ಹತ್ತಿದೆ. ಮಾಮಾನ ಮಗಳನ್ನು ಅಲ್ಲಿಗೆ ಕೊಟ್ಟಿದ್ದಾರೆಂದು ಕೇಳಿದ್ದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು.

ಆಕೆ ಪಡಸಾಲೆಯಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ತಲೆಯೆಲ್ಲ ನೆರೆತಿದೆ. ವಾಡಿಯ ಗ್ಯಾರೇಜಿನವನು ಎಂದಾಗ ‘ಬರ್ರಿ ಕಾಕಾ, ಕುಂದ್ರಿ,’ ಎಂದು ಚಹಾ ಮಾಡಿ ಕೊಟ್ಟಳು. ಅಪ್ಪನ ಮಾತು ತಾನೇ ತೆಗೆದಳು.

‘ಅಪ್ಪ ಭಾಳ ಚೊಲೋ ಮನಷ್ಯಾ ಇದ್ದನಂತ್ರಿ. ಕುಡುತಾನೇ ಕೆಡಸ್ತು. ನನಗ ಸಣ್ಣ ಜ್ವರ ಬಂದ್ರ ಸಾಕು, ಅವ್ವ ನನ್ನ ಹಣಿ ಮುಟ್ಟಿ ಅಪ್ಪನ ಮಾರಿ ನೋಡ್ತಿದ್ಲು. ಅಪ್ಪ ಎದ್ದು ಹೊರಗ ಹೋಗ್ತಿದ್ದ.’

ನಾನು ಎಲ್ಲವನ್ನೂ ಹೇಳಿದೆ. ಗರಗಸ, ಮಸಿ, ನೆಗಡಿ. ಏನನ್ನೂ ಬಿಡಲಿಲ್ಲ. ಆಕೆಯ ಕೈ ಬೇಳೆಯ ಮೇಲೆ ಹಾಗೆಯೇ ನಿಂತಿತ್ತು.

‘ಅಂದ್ರ ಆವತ್ತ ಅಪ್ಪ ಕುಡುದಿದ್ದಿಲ್ಲ.’

‘ಇಲ್ಲವ್ವ.’

ಆಕೆ ಬೇಳೆಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಕೇಳಿಸಿಕೊಂಡು ಬರಬಹುದಿತ್ತು.

‘ಅವ್ವ ಹೋಗಿ ಭಾಳ ದಿನ ಆಗಿಲ್ರಿ,’ ಎಂದಳು. ‘ಹೋದ ಪಂಚಮಿಗಿ ಇದ್ಲು. ಇಲ್ಲೇ, ಈ ಮನ್ಯಾಗ.’

ನಾನು ಎದ್ದೆ. ಆಕೆಯೂ ಎದ್ದು ಬಾಗಿಲವರೆಗೆ ಬಂದಳು. ನಮ್ಮ ಕಡೆ ಮನೆಗೆ ಬಂದವರು ಯಾರೇ ಆಗಲಿ, ಎಷ್ಟೇ ಜಗಳವಿರಲಿ, ಹೊರಡುವಾಗ ‘ಹೋಗಿ ಬರ್ರಿ’ ಎನ್ನುತ್ತಾರೆ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಳ್ಳುತ್ತ ನಾನು ಆ ಮಾತಿಗಾಗಿ ಕಾದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

‘ಹೋಗ್ರಿ,’ ಎಂದಳು.